ಒಡೆದು ಓದಿದ ಕವರು

ನನ್ನ ರಕ್ತದ ರಿಪೋರ್ಟಲ್ಲಿ ಏನಿದೆ ಅಂತ ನನಗಿಂತ ಮೊದಲು ಹನ್ನೊಂದು ಜನಕ್ಕೆ ಗೊತ್ತಾಗಿತ್ತು. ಹನ್ನೊಂದು ಅನ್ನೋದು ಬಾಯಿಗೆ ಬಂದ ಹಾಗೆ ಹೇಳಿದ್ದಲ್ಲ. ಆಮೇಲೊಂದು ದಿನ ಸಿಟ್ಟು ತಡೆಯೋಕಾಗದೆ ಕೂತು, ಬೆರಳು ಮಡಿಸಿ ಎಣಿಸಿದ್ದು. ನಾನು ಹನ್ನೆರಡನೆಯವಳು. ನನ್ನದೇ ಹೊಟ್ಟೆಯ ವಿಷಯದಲ್ಲಿ ನಾನು ಹನ್ನೆರಡನೆಯವಳು ಮಾರಾಯ್ರೆ, ಇದಕ್ಕೆ ಎಂತ ಹೇಳ್ತೀರಿ?

ತೀರ್ಥಹಳ್ಳಿಯ ಒಂದು ಕಾಲೇಜಲ್ಲಿ ರಾಜ್ಯಶಾಸ್ತ್ರ ಪಾಠ ಮಾಡ್ತೀನಿ. ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷದಿಂದ ಅತಿಥಿಯಾಗಿಯೇ ಇದ್ದೀನಿ. ಪ್ರತಿ ಜೂನ್ ತಿಂಗಳಲ್ಲಿ ಮತ್ತೆ ಕರೀತಾರೋ ಇಲ್ವೋ ಅಂತ ಉಗುರು ಕಚ್ಚಿಕೊಂಡು ಕೂರ್ತೀನಿ. ಮನೆ ಇರೋದು ಹೊಸನಗರ ದಾಟಿ ತೀರ್ಥಹಳ್ಳಿ ಕಡೆ ಬರುವಾಗ ಸಿಗೋ ಒಂದು ಸ್ಟಾಪಿನ ಹತ್ತಿರ. ನಮ್ಮನೆಯವರು ಕಾರ್ಗಲ್ಲಿನಲ್ಲಿ ವಿದ್ಯುತ್ ಕೆಲಸದಲ್ಲಿದ್ದಾರೆ. ವಾರವೆಲ್ಲ ಅಲ್ಲೇ ಕ್ವಾರ್ಟರ್ಸಲ್ಲಿ ಇದ್ದು, ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಹೋಗ್ತಾರೆ. ಮಿಕ್ಕ ದಿನ ಮನೆಯಲ್ಲಿ ನಾನು ಮತ್ತು ಅತ್ತೆ. ನಮ್ಮಿಬ್ಬರಿಗೂ ಅಷ್ಟಕ್ಕಷ್ಟೆ. ಒಗ್ಗರಣೆಗೆ ಎಷ್ಟು ಎಣ್ಣೆ ಅನ್ನೋದರಲ್ಲೂ ಜಗಳ ಆಡಿದವರು ನಾವು.

ನಮ್ಮ ಕಡೆ ಬಸ್ಸಿಗೆ ಕೊಟ್ಟು ಕಳಿಸೋದು ಅಂತ ಒಂದು ಪದ್ಧತಿ ಇದೆ. ಸಾಗರದಿಂದ ಹೊರಟು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಹೋಗೋ ಪ್ರೈವೇಟ್ ಬಸ್ಸಿಗೆ ನೀವು ಏನು ಬೇಕಾದ್ರೂ ಕೊಡಬಹುದು. ಔಷಧಿ, ಕನ್ನಡಕ, ಪಂಪ್‌ಸೆಟ್ಟಿನ ಪಾರ್ಟು, ಮದುವೆ ಕಾಗದ, ಟೈಲರ್ ಹೊಲಿದ ಬ್ಲೌಸು, ನಾಯಿಮರಿ. ಕಂಡಕ್ಟರಿಗೆ ಸ್ಟಾಪಿನ ಹೆಸರು ಹೇಳಿದ್ರೆ ಮುಗೀತು. ಅವನು ಸ್ಟಾಪಿನ ಅಂಗಡಿಗೆ ಇಳಿಸ್ತಾನೆ, ಅಂಗಡಿಯವರು ನಿಮಗೆ ಕೊಡ್ತಾರೆ. ಚೀಟಿ ಇಲ್ಲ, ಸಹಿ ಇಲ್ಲ, ಒಂದು ಸೂಜಿಯೂ ಕಳೆದುಹೋದ ದಾಖಲೆ ಇಲ್ಲ. ಇದರ ಬಗ್ಗೆ ನಮ್ಮವರಿಗೆ ಭಾರೀ ಹೆಮ್ಮೆ. ಪೇಟೆಯಿಂದ ಯಾರಾದ್ರೂ ನೆಂಟರು ಬಂದ್ರೆ ಸಾಕು, ಎದೆ ಉಬ್ಬಿಸಿಕೊಂಡು ಇದನ್ನೇ ಹೇಳ್ತಾರೆ.

ಹೇಳದೆ ಬಿಡೋದು ಒಂದಿದೆ. ಬಂದ ಕಟ್ಟನ್ನು ಬಿಚ್ಚಿ ನೋಡೋದು ನಮ್ಮಲ್ಲಿ ತಪ್ಪಲ್ಲ. ಕದ್ದರೆ ತಪ್ಪು, ನೋಡಿದ್ರೆ ಎಂತ ಹೋಯ್ತು? ನನ್ನ ರೇಷ್ಮೆ ಬ್ಲೌಸು ಒಮ್ಮೆ ಹೀಗೇ ಬಂದಾಗ ಅಂಗಡಿಯವರು ಅದನ್ನು ಕೈಗಿಡ್ತಾ, 'ಮೇಡಂ, ತೋಳಿಗೆ ಬಾರ್ಡರ್ ಚೆನ್ನಾಗಿ ಕೂರಿಸಿದ್ದಾನೆ, ಕುತ್ತಿಗೆ ಸ್ವಲ್ಪ ಅಗಲ ಆಯ್ತು' ಅಂದಿದ್ರು. ಅರವತ್ತು ದಾಟಿದ ಗಂಡಸು! ನಾನು ನಕ್ಕು ಸುಮ್ಮನಾಗಿದ್ದೆ. ಕಾಲೇಜಲ್ಲಿ ಅದನ್ನೊಂದು ತಮಾಷೆ ಅಂತ ಹೇಳಿ ಎಲ್ಲರನ್ನೂ ನಗಿಸಿದ್ದೆ ಕೂಡ. ಆ ನಗು ನೆನಪಾದ್ರೆ ಈಗ ನನಗೆ ನನ್ನ ಮೇಲೇ ಉರಿಯುತ್ತೆ.

ಮದುವೆಯಾಗಿ ಹದಿಮೂರು ವರ್ಷ, ನನಗೆ ನಲವತ್ತೊಂದು. ಮಕ್ಕಳಿಲ್ಲ. 'ಏನಾದ್ರೂ ವಿಶೇಷನಾ?' ಅನ್ನೋ ಪ್ರಶ್ನೆಯನ್ನು ನಾನು ಎಷ್ಟು ಮದುವೆಮನೆಗಳಲ್ಲಿ, ಎಷ್ಟು ಶ್ರಾದ್ಧದ ಊಟದ ಪಂಕ್ತಿಗಳಲ್ಲಿ ಕೇಳಿದ್ದೀನೋ ದೇವರಿಗೇ ಗೊತ್ತು. ಕೇಳೋದರ ಜೊತೆ ಕಣ್ಣು ಸೀದಾ ಸೆರಗಿನ ಮೇಲೆ. ಸಾಗರದಲ್ಲಿ ಒಬ್ಬ ಡಾಕ್ಟರಮ್ಮನ ಹತ್ತಿರ ಎರಡು ವರ್ಷದಿಂದ ಚಿಕಿತ್ಸೆ ತಗೊಳ್ತಿದ್ದೆ. ಊರಲ್ಲಿ ಮಂಡಿನೋವಿಗೆ ಅಂತ ಹೇಳಿದ್ದೆ. ಅದಕ್ಕೂ ನಾಲ್ಕು ಜನ ನಾಲ್ಕು ಎಣ್ಣೆ ಹೇಳಿಕೊಟ್ಟಿದ್ರು.

ಆ ಸಲ ಹದಿನಾರು ದಿನ ತಡವಾಗಿತ್ತು. ಮೆಡಿಕಲ್ ಶಾಪಲ್ಲಿ ಸಿಗೋ ಬಸಿರು ಪರೀಕ್ಷೆಯ ಕಾರ್ಡು ತಂದು ನೋಡೋಣ ಅಂದ್ರೆ, ಹೊಸನಗರದಲ್ಲಿ ಆ ಕಾರ್ಡು ಕೇಳೋದೂ ಒಂದೇ, ಬಸ್‌ಸ್ಟ್ಯಾಂಡಲ್ಲಿ ಮೈಕ್ ಹಿಡಿದು ಕೂಗೋದೂ ಒಂದೇ. ಡಾಕ್ಟರಮ್ಮನೂ, 'ನಿಮಗೆ ಇಂಜೆಕ್ಷನ್ ಕೊಟ್ಟಿರೋದ್ರಿಂದ ಕಾರ್ಡು ಸುಳ್ಳು ಹೇಳಬಹುದು, ರಕ್ತ ಕೊಡಿ' ಅಂದ್ರು. ಕೊಟ್ಟೆ. ಅದನ್ನು ಶಿವಮೊಗ್ಗಕ್ಕೆ ಕಳಿಸಿ ನೋಡಬೇಕಂತೆ, ರಿಪೋರ್ಟು ನಾಳೆ ಮಧ್ಯಾಹ್ನ. ಲ್ಯಾಬಿನ ಹೆಂಗಸು ವಾಟ್ಸಾಪ್ ಮಾಡ್ಲಾ ಅಂತ ಕೇಳಿದಳು. ನಮ್ಮನೆಯಲ್ಲಿ ಸಿಗ್ನಲ್ ಇಲ್ಲ. ಕಾಲೇಜಲ್ಲಿ ಸಿಗುತ್ತೆ, ಆದ್ರೆ ಸ್ಟಾಫ್ ರೂಮಿನ ಮೇಜಿನ ಮೇಲೆ ಹತ್ತು ಜನರ ಮಧ್ಯೆ ಅದು ಬಂದು ಬೀಳೋದು ನನಗೆ ಬೇಡವಾಗಿತ್ತು. ಮನೆಗೆ ಹೋಗಿ, ಕೈಕಾಲು ತೊಳೆದು, ನನ್ನ ಕೋಣೆಯ ಚಿಲಕ ಹಾಕ್ಕೊಂಡು, ಕಾಗದ ಕೈಯಲ್ಲಿ ಹಿಡಿದು ಒಬ್ಬಳೇ ಓದಬೇಕು ಅಂತ ಆಸೆ. ಹದಿಮೂರು ವರ್ಷ ಕಾದವಳಿಗೆ ಅಷ್ಟು ಆಸೆಯೂ ಇರಬಾರದಾ?

'ಹಾಗಾದ್ರೆ ಬಸ್ಸಿಗೆ ಕೊಡ್ಲಾ?' ಅಂದಳು.

'ಕೊಡಿ' ಅಂದೆ. ನಾನೇ ಅಂದೆ. ಖಾಕಿ ಕವರಿಗೆ ಹಾಕಿ, ಪಿನ್ ಹೊಡೆದು, ಮೇಲೆ ಹೆಸರು ಬರೀತೀನಿ ಅಂದಳು. ಪಿನ್ ಹೊಡೆದ ಮೇಲೆ ಇನ್ನೆಂತ ಭಯ ಅಂದುಕೊಂಡೆ, ಪೆದ್ದಿ.

ರಿಪೋರ್ಟು ಬಸ್ಸಲ್ಲಿ ಬರುತ್ತೆ ಅಂತ ರಾತ್ರಿ ನಮ್ಮನೆಯವರಿಗೂ ಫೋನಲ್ಲಿ ಹೇಳಿದೆ. ಮರುದಿನ ಕಾಲೇಜು ಮುಗಿಸಿ ತೀರ್ಥಹಳ್ಳಿ ಕಡೆಯಿಂದ ನಾನು ಬಂದು ಇಳಿದಾಗ ಐದೂವರೆ. ಸಾಗರದ ಬಸ್ಸು ಐದಕ್ಕೇ ಬಂದು ಹೋಗಿತ್ತು. ಅರ್ಧ ಗಂಟೆ, ಅಷ್ಟೇ ನಡುವಿನ ಹೊತ್ತು. ಅಂಗಡಿಯ ಬೆಂಚಿನ ಮೇಲೆ ಆರು ಜನ ಕೂತಿದ್ರು. ನನ್ನನ್ನು ಕಂಡ ಕೂಡಲೆ ಎಲ್ಲರೂ ಒಟ್ಟಿಗೆ ಮಾತು ನಿಲ್ಲಿಸಿದ್ರು. ಅಂಗಡಿಯವರು ಗಲ್ಲಾಪೆಟ್ಟಿಗೆ ಹಿಂದಿನಿಂದ ಎದ್ದು ಹೊರಗೇ ಬಂದ್ರು. ಅವರು ಹೊರಗೆ ಬಂದಿದ್ದನ್ನು ನಾನು ನೋಡಿದ್ದೇ ಅವತ್ತು.

'ಬನ್ನಿ ಬನ್ನಿ ಮೇಡಂ, ಸ್ವೀಟ್ ಎಲ್ಲಿ?'

ಬೆಂಚಿನ ಮೇಲಿದ್ದ ಹೆಂಗಸೊಬ್ಬಳು, 'ಇನ್ನು ಬಸ್ಸಲ್ಲಿ ನಿಂತ್ಕೊಂಡು ಬರಬೇಡಿ, ಯಾರನ್ನಾದ್ರೂ ಎಬ್ಬಿಸಿ ಕೂತ್ಕೊಳ್ಳಿ' ಅಂದಳು. ಹಾಗೆ ನನಗೆ ಗೊತ್ತಾಯ್ತು. ಡಾಕ್ಟರ್ ಹೇಳಿದ್ದಲ್ಲ, ಕಾಗದ ಹೇಳಿದ್ದಲ್ಲ. ಯಾರೋ ಒಬ್ಬಳು ಎಲೆಗೆ ಸುಣ್ಣ ಹಚ್ಚುತ್ತಾ ಹೇಳಿದ್ದು.

ಕವರು ಕೈಗೆ ಬಂತು. ಪಿನ್ ಒಂದೇ ಇತ್ತು, ತೂತು ನಾಲ್ಕಿದ್ದವು. ತೆಗೆದು ಮತ್ತೆ ಹೊಡೆದಿದ್ರು, ಅದೂ ಸೊಟ್ಟಗೆ. ರಿಪೋರ್ಟಲ್ಲಿ ಹೌದು ಅಲ್ಲ ಅಂತ ಬರೆದಿರಲ್ಲ, ಬರೀ ಒಂದು ಸಂಖ್ಯೆ ಇರುತ್ತೆ. ಅಂಗಡಿಯವರಿಗೆ ಅದು ಅರ್ಥವಾಗದೆ, ಬಸ್ಸಿಗೆ ಕಾಯ್ತಿದ್ದ ನರ್ಸಿಂಗ್ ಓದೋ ಹುಡುಗಿಗೆ ತೋರಿಸಿ, 'ಇಷ್ಟಿದ್ರೆ ಎಂತ ಲೆಕ್ಕ?' ಅಂತ ಕೇಳಿದ್ರಂತೆ. ಆ ಹುಡುಗಿ ಬೆಂಚಿನವರೆಲ್ಲ ಕೇಳೋ ಹಾಗೆ, 'ಇದು ನಿಂತಿದೆ' ಅಂದಳಂತೆ. ಪರೀಕ್ಷೆಯಲ್ಲಿ ಎಷ್ಟು ನಂಬರ್ ತಗೊಳ್ತಾಳೋ ಗೊತ್ತಿಲ್ಲ, ಅವತ್ತು ಮಾತ್ರ ಸರಿಯಾಗಿ ಓದಿದ್ದಳು.

ಖುಷಿ ಆಗಲಿಲ್ವಾ ಅಂತ ಕೇಳಬೇಡಿ. ಆಯ್ತು. ಆದ್ರೆ ಅದು ನನ್ನ ಕೈಗೆ ಬರೋ ಹೊತ್ತಿಗೆ ಎಂಜಲಾಗಿತ್ತು. ಒಬ್ಬಳೇ ಓದಿ, ಒಬ್ಬಳೇ ಅತ್ತು, ಕನ್ನಡಿ ಮುಂದೆ ನಿಂತು ಒಂದು ನಿಮಿಷ ಹುಚ್ಚಿ ಹಾಗೆ ನಗಬೇಕು ಅಂತಿದ್ದವಳು, ಆರು ಜನರ ಮುಂದೆ ಹಲ್ಲು ಕಿರಿದು 'ಹೌದಾ, ಆಯ್ತು, ಥ್ಯಾಂಕ್ಸ್' ಅಂದು ಬಂದೆ. ಥ್ಯಾಂಕ್ಸ್ ಬೇರೆ ಕೇಡು.

ಮನೆಗೆ ಹೋದ್ರೆ ಅತ್ತೆ ಬಾಗಿಲಲ್ಲೇ ನಿಂತಿದ್ರು, ಮುಖ ಕೆಂಪಗಾಗಿತ್ತು. ಪಕ್ಕದ ಮನೆಯವಳು ಬೇಲಿಯಾಚೆಯಿಂದ ಕೂಗಿ ಹೇಳಿದ್ದಳು. ಅತ್ತೆ ನನ್ನನ್ನು ಒಳಗೆ ಕರೆದು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದ್ರು. 'ಮೂರು ತಿಂಗಳು ತುಂಬದೆ ಯಾರಾದ್ರೂ ಬಾಯಿ ಬಿಡ್ತಾರಾ? ತಾಯಿ ಮನೆಗೂ ಹೇಳಲ್ಲ ನಾವು. ಇವರ ಬಾಯಿಗೆ ಮಣ್ಣು ಹಾಕ' ಅಂತ ಇಡೀ ಬೀದಿಯನ್ನು ಬೈದ್ರು. ನನ್ನ ಪರವಾಗಿ ಅವರು ಯಾರನ್ನಾದ್ರೂ ಬೈದಿದ್ದು ಅದೇ ಮೊದಲು.

ಆ ಮೂರು ತಿಂಗಳ ಮೌನವನ್ನು ನಾನು ಮೂಢನಂಬಿಕೆ ಅಂತ ಎಷ್ಟು ಸಲ ಆಡಿಕೊಂಡಿದ್ದೆ! ಅವತ್ತು ಒಲೆ ಮುಂದೆ ಕೂತಾಗ ಅದರ ಒಳಗಿನ ಲೆಕ್ಕ ತಿಳೀತು. ಮೊದಲ ಮೂರು ತಿಂಗಳಲ್ಲಿ ನಿಲ್ಲಬಹುದು, ಹೋಗಬಹುದು. ಹೋದ್ರೆ, ಹೋಯ್ತು ಅಂತ ಊರವರಿಗೆಲ್ಲ ಒಬ್ಬೊಬ್ಬರಿಗೇ ಹೇಳ್ತಾ ಕೂರೋ ನರಕ ಬೇಡ ಅಂತ ಯಾವುದೋ ಕಾಲದ ಹೆಂಗಸರು ಮಾಡಿಟ್ಟುಕೊಂಡ ಬೇಲಿ ಅದು. ಯಾವ ಸರ್ಕಾರವೂ ಕೊಟ್ಟಿದ್ದಲ್ಲ, ಯಾವ ಪುಸ್ತಕದಲ್ಲೂ ಬರೆದಿದ್ದಲ್ಲ.

ಏಳು ಗಂಟೆಗೆ ಕಾರ್ಗಲ್ಲಿನಿಂದ ಲ್ಯಾಂಡ್‌ಲೈನಿಗೆ ಇವರ ಫೋನು. ದನಿಯಲ್ಲೇ ಗೊತ್ತಾಯ್ತು, ಅವರಿಗೂ ಸುದ್ದಿ ಮುಟ್ಟಿದೆ ಅಂತ.

'ನಿಮಗ್ಯಾರು ಹೇಳಿದ್ರು?' ಅಂದೆ.

'ಅಂಗಡಿಯಿಂದ ಫೋನ್ ಮಾಡಿ ಹೇಳಿದ್ರು' ಅಂದ್ರು.

ಅವತ್ತಿನಿಂದ ಅಂಗಡಿಯವರ ಮೇಲೆ ನಾನು ಹಲ್ಲು ಕಡೀತಾ ಬಂದೆ. ಬೀಡಿ ವಾಸನೆಯ ಅಂಗಡಿಯಲ್ಲಿ ಕೂತ ಒಬ್ಬ ಮನುಷ್ಯ ನನ್ನ ಕವರು ಒಡೆದು, ನನ್ನ ಗಂಡನಿಗೆ ಫೋನ್ ಮಾಡಿ, ನನ್ನ ಬಾಯಿಂದ ಹೋಗಬೇಕಾದ ಮಾತನ್ನು ಕಸಿದುಕೊಂಡ! ಸಕ್ಕರೆ ಖಾಲಿಯಾದ್ರೂ ಆ ಅಂಗಡಿಗೆ ಹೋಗಲಿಲ್ಲ. ತೀರ್ಥಹಳ್ಳಿಯಿಂದ ಹೊತ್ತು ತಂದೆ.

ಇನ್ನು ಕಾಲೇಜು. ಸುದ್ದಿ ಬಸ್ಸಲ್ಲಿ ನನಗಿಂತ ಮೊದಲು ಹೋಗಿ ಕೂತಿತ್ತು. ಕ್ಲಾಸಿಗೆ ಹೋದ್ರೆ ಬೋರ್ಡಿನ ಪಕ್ಕ ಒಂದು ಕುರ್ಚಿ, ಅದರ ಮೇಲೆ ಯಾರದೋ ಮನೆಯಿಂದ ತಂದ ಮೆತ್ತನೆ ದಿಂಬು. ಹದಿನಾಲ್ಕು ವರ್ಷ ನಿಂತೇ ಪಾಠ ಮಾಡಿದ್ದೀನಿ. ಒಬ್ಬರೂ ಕುರ್ಚಿ ಕೊಟ್ಟವರಲ್ಲ. ಹಿಂದಿನ ಬೆಂಚಲ್ಲಿ ಹುಡುಗರು ಮುಸಿ ಮುಸಿ ನಗ್ತಿದ್ರು. ಅವತ್ತಿನ ಪಾಠ ಏನು ಗೊತ್ತಾ? ಖಾಸಗಿತನದ ಹಕ್ಕು ನಮ್ಮ ಸಂವಿಧಾನಕ್ಕೆ ಬಂದಿದ್ದು ಹೇಗೆ ಅನ್ನೋದು. ದಿಂಬು ಎತ್ತಿ ಮೇಜಿನ ಕೆಳಗೆ ಒದ್ದು ಪಾಠ ಶುರು ಮಾಡಿದೆ.

ಪ್ರತಿ ವರ್ಷ ಹೇಳೋದೇ. ಸಂವಿಧಾನ ಬರೆಯೋಕೆ ಕೂತಾಗ, ಜನರ ಕಾಗದಪತ್ರ ಒಡೆದು ಓದಬಾರದು, ಸರಿಯಾದ ಕಾರಣ ಇಲ್ಲದೆ ಮನೆ ಹೊಕ್ಕು ಶೋಧಿಸಬಾರದು ಅಂತ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಿ ಅಂತ ಕೆಲವರು ಕೇಳಿದ್ರು. ಹಾಗೆ ಬರೆದ್ರೆ ಪೊಲೀಸರು ಕಳ್ಳರನ್ನು ಹಿಡಿಯೋದು ಹೇಗೆ ಅಂತ ಇನ್ನು ಕೆಲವರು ಅಂದ್ರು. ಬಿಟ್ಟೇ ಬಿಟ್ಟರು. ಆ ದಪ್ಪ ಪುಸ್ತಕದ ಹಕ್ಕುಗಳ ಪಟ್ಟಿಯಲ್ಲಿ ಖಾಸಗಿತನ ಅಂತ ಹುಡುಕಿದ್ರೆ ಸಿಗಲ್ಲ. ಆಮೇಲೆ ಪೊಲೀಸರು ಒಬ್ಬನ ಮೇಲೆ ಅನುಮಾನ ಅಂತ ರಾತ್ರಿ ರಾತ್ರಿ ಅವನ ಮನೆ ಬಾಗಿಲು ಬಡಿಯೋದಕ್ಕೆ ಶುರು ಮಾಡಿದ್ರು. ಅವನು ಕೋರ್ಟಿಗೆ ಹೋದ. ಬಾಗಿಲು ಬಡಿಯೋದು ತಪ್ಪು ಅಂತು ಕೋರ್ಟು. ಆದ್ರೆ ಖಾಸಗಿತನ ಅನ್ನೋ ಮೂಲಭೂತ ಹಕ್ಕು ಇಲ್ಲ ಅಂತಾನೂ ಅಂತು. ಆ ಹಕ್ಕು ಇದೆ, ಇಲ್ಲ ಅಂತ ಎಷ್ಟೋ ವರ್ಷ ಎಳೆದಾಡಿ, ಕೊನೆಗೆ ಒಂಬತ್ತು ನ್ಯಾಯಾಧೀಶರು ಒಟ್ಟಿಗೆ ಕೂತು, ಇಪ್ಪತ್ತೊಂದನೇ ವಿಧಿಯಲ್ಲಿ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ ಅಂತ ಇದೆಯಲ್ಲ, ಅದರ ಒಳಗೇ ಈ ಹಕ್ಕು ಇದೆ ಅಂತ ಹೇಳಿದ್ರು. ನಿನ್ನ ಮೈ, ನಿನ್ನ ಮನೆ, ನಿನ್ನ ಮಾಹಿತಿ, ನಿನ್ನ ನಿರ್ಧಾರ ಎಲ್ಲ ನಿನ್ನದು ಅಂತ.

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಮಾತು ಕಡಿಮೆಯವಳು. 'ಮೇಡಂ, ಸರ್ಕಾರ ಬಾಗಿಲು ಬಡಿದ್ರೆ ಕೋರ್ಟಿಗೆ ಹೋಗಬಹುದು. ಮನೆಯೊಳಗಿನವರೇ ನಮ್ಮದನ್ನೆಲ್ಲ ತೆಗೆದು ನೋಡಿದ್ರೆ?'

'ಅದು ಸಿಲಬಸ್ಸಲ್ಲಿಲ್ಲ, ಕೂತ್ಕೋ' ಅಂದೆ.

ಕೂತಳು. ಆ ಹುಡುಗಿಯ ಮುಖ ನೋಡಬೇಕಿತ್ತು ನೀವು. ಯಾವುದೋ ಬಾಗಿಲು ತೆರೆಯಬಹುದು ಅಂತ ಬಂದು, ನನ್ನ ಮುಖ ನೋಡಿ ವಾಪಸ್ ಹೋದ ಹಾಗಿತ್ತು. ನನಗೆ ಅವತ್ತು ದಿಂಬಿನ ಸಿಟ್ಟೇ ದೊಡ್ಡದಾಗಿತ್ತು.

ಆಮೇಲಿನ ವಾರಗಳು ಉಪದೇಶದ ವಾರಗಳು. ಪಪ್ಪಾಯಿ ಮುಟ್ಟಬೇಡಿ, ಎಡಮಗ್ಗುಲಲ್ಲಿ ಮಲಗಿ, ನಲವತ್ತರ ಮೇಲೆ ಹುಷಾರು, ನಮ್ಮ ನಾದಿನಿಗೂ ಹೀಗೇ ಆಗಿತ್ತು ಪಾಪ ಆಮೇಲೆ ಎಂತ ಆಯ್ತು ಗೊತ್ತಾ. ಬಸ್ಸು ಗುಂಡಿಗೆ ಇಳಿದಾಗಲೆಲ್ಲ ಹತ್ತು ತಲೆ ನನ್ನ ಕಡೆ ತಿರುಗ್ತಿದ್ದವು. ಕಂಡಕ್ಟರ್ ಡ್ರೈವರಿಗೆ, 'ನಿಧಾನ ಹೊಡಿ ಮಾರಾಯ, ಮೇಡಂ ಇದಾರೆ' ಅಂತ ಕೂಗ್ತಿದ್ದ. ಒಳ್ಳೆಯ ಮನಸ್ಸಿಂದಲೇ ಕೂಗ್ತಿದ್ದ, ಗೊತ್ತು. ಒಳ್ಳೆಯ ಮನಸ್ಸಿನವರ ಮೇಲೆ ಸಿಟ್ಟು ಮಾಡಿಕೊಳ್ಳೋದು ಎಷ್ಟು ಕಷ್ಟ ಅಂತಾನೂ ಗೊತ್ತು. ಬೈಯೋ ಹಾಗಿಲ್ಲ, ಬೈದ್ರೆ ನಾವೇ ಕೆಟ್ಟವರು.

ಒಂಬತ್ತನೇ ವಾರದಲ್ಲಿ ಅದು ಹೋಯ್ತು. ಕಾಲೇಜಲ್ಲೇ, ಮಧ್ಯಾಹ್ನದ ಹೊತ್ತಲ್ಲಿ. ತೀರ್ಥಹಳ್ಳಿಯಲ್ಲೇ ಆಸ್ಪತ್ರೆಗೆ ಸೇರಿಸಿದ್ರು, ಎರಡು ದಿನ ಇದ್ದು ಬಂದೆ. ಇದಕ್ಕಿಂತ ಹೆಚ್ಚು ಬರೆಯೋಕೆ ನನಗೆ ಆಗಲ್ಲ, ಬೇಕಾಗಿಯೂ ಇಲ್ಲ.

ಬರೆಯಬೇಕಾಗಿರೋದು ಆಮೇಲಿನದ್ದು. ಜನ ಬಂದ್ರು. ಸಾವಿನ ಮನೆಗೆ ಬರೋ ಹಾಗೆ ಬಂದ್ರು, ಚಪ್ಪಲಿ ಬಿಟ್ಟು, ದನಿ ತಗ್ಗಿಸಿಕೊಂಡು. ಅವರಿಗೆ ಗೊತ್ತಿಲ್ಲದೆ ಹೋಗಿದ್ದಿದ್ರೆ ನಾನು ಜ್ವರ ಅಂತ ನಾಲ್ಕು ದಿನ ಗೋಡೆ ಕಡೆ ತಿರುಗಿ ಮಲಗಿರಬಹುದಿತ್ತು. ಅದರ ಬದಲು ಎದ್ದು ಕೂತು, ಬಂದವರಿಗೆಲ್ಲ ಆಗಿದ್ದನ್ನು ಮೊದಲಿಂದ ಹೇಳಬೇಕಾಯ್ತು. ನೀರು ಕುಡಿದು ಮತ್ತೆ ಹೇಳಬೇಕಾಯ್ತು. ಬಸ್ಸಲ್ಲಿ ಓಡಾಡಿದ್ದಕ್ಕೇ ಹೀಗಾಯ್ತು ಅಂದವರಿದ್ರು. ಕೆಲಸ ಬಿಡಬೇಕಿತ್ತು ಅಂದವರಿದ್ರು. ಒಬ್ಬಳಂತೂ, 'ಗಂಡಾ ಹೆಣ್ಣಾ ಹೇಳಿದ್ರಾ?' ಅಂತ ಕೇಳಿದಳು. ನಾಲ್ಕನೇ ದಿನ ಅತ್ತೆ ಮುಂಬಾಗಿಲಿಗೆ ಅಗುಳಿ ಹಾಕಿ, ಕಿಟಕಿಯಿಂದಲೇ, 'ಅವಳು ಮಲಗಿದಾಳೆ, ಹೋಗಿ' ಅಂತ ಒಬ್ಬೊಬ್ಬರನ್ನೇ ಕಳಿಸಿದ್ರು. ಆಮೇಲೆ ನನ್ನ ಹತ್ತಿರ ಬಂದು ಗಂಜಿ ಇಟ್ಟು, ಒಂದು ಮಾತೂ ಆಡದೆ ಹೋದ್ರು. ಆ ಗಂಜಿಗೂ ಆ ಮೌನಕ್ಕೂ ನಾನು ಈ ಜನ್ಮದಲ್ಲಿ ಋಣಿ.

ಹತ್ತನೇ ದಿನ ಎದ್ದು ಸೀದಾ ಅಂಗಡಿಗೆ ಹೋದೆ. ಬೆಂಚಿನ ಮೇಲೆ ಜನ ಇದ್ರು. ಇರಲಿ ಅಂತಾನೇ ಹೋದೆ.

'ನಿಮಗೆ ನಾಚಿಕೆ ಆಗಲ್ವಾ?' ಅಂತ ಶುರು ಮಾಡಿದವಳು ಉಸಿರು ಬಿಡದೆ ಬೈದೆ. ಇನ್ನೊಬ್ಬರ ಕವರು ಒಡೆಯೋಕೆ ನಿಮಗೆ ಹಕ್ಕು ಕೊಟ್ಟೋರು ಯಾರು? ನನ್ನ ಮೈಯೊಳಗಿನ ವಿಷಯ ನಿಮ್ಮ ಬೆಂಚಿನ ಹರಟೆನಾ? ಪೊಲೀಸ್ ಕಂಪ್ಲೇಂಟ್ ಕೊಡ್ತೀನಿ ಅಂದೆ. ಕೋರ್ಟು ಅಂದೆ. ಇಪ್ಪತ್ತೊಂದನೇ ವಿಧಿ ಅಂತಾನೂ ಅಂದಿರಬೇಕು, ನೆನಪಿಲ್ಲ. ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸ್ತಿತ್ತು.

ಅವರು ಪೂರ್ತಿ ಕೇಳಿಸಿಕೊಂಡ್ರು. ಆಮೇಲೆ ಬೆಂಚಿನವರ ಕಡೆ ನೋಡಿ, 'ನೀವು ಸ್ವಲ್ಪ ಎದ್ದು ಹೋಗಿ' ಅಂದ್ರು. ಹೋಗಲಿಲ್ಲ ಯಾರೂ. ಅವರೇ ನನ್ನನ್ನು ಅಂಗಡಿಯ ಪಕ್ಕದ ಸಂದಿಗೆ ಕರೆದ್ರು.

'ಮೇಡಂ, ಹೇಳಬಾರದು ಅಂದಿದ್ರು ನಿಮ್ಮನೆಯವರು. ಆದ್ರೆ ಇಷ್ಟೆಲ್ಲ ಅನ್ನಿಸಿಕೊಂಡ ಮೇಲೆ ಹೇಳ್ತೀನಿ. ಅವತ್ತು ನಾಲ್ಕು ಗಂಟೆಯಿಂದ ಮೂರು ಸಲ ಫೋನ್ ಮಾಡಿದ್ರು ಅವರು. ಬಸ್ ಬಂತಾ, ಬಸ್ ಬಂತಾ ಅಂತ. ಬಂದ ಮೇಲೆ, ಒಡೆದು ಓದಿ ಅಂದ್ರು. ಮೇಡಂ ಇನ್ನರ್ಧ ಗಂಟೇಲಿ ಬರ್ತಾರೆ, ಅವರೇ ನೋಡ್ಲಿ ಅಂದೆ ನಾನು. ಪರವಾಗಿಲ್ಲ ಒಡೀರಿ, ನಾನೇ ಹೇಳ್ತಿದ್ದೀನಲ್ಲ ಅಂದ್ರು. ಗಂಡ ಹೇಳಿದ ಮೇಲೆ ನಾನೆಂತ ಮಾಡ್ಲಿ?'

ಗಂಡ ಹೇಳಿದ ಮೇಲೆ. ಆ ಮನುಷ್ಯನ ಪ್ರಕಾರ ಅಲ್ಲಿಗೆ ಮುಗೀತು. ನರ್ಸಿಂಗ್ ಹುಡುಗಿಗೆ ತೋರಿಸಿ, ಬೆಂಚಿಗೆಲ್ಲ ಸಾರಿದ್ದು ನಮ್ಮನೆಯವರು ಹೇಳಿಯಲ್ಲ, ಅದು ಅಂಗಡಿಯವರದೇ ಚಪಲ. ಅದನ್ನು ನಾನು ಮಾಫಿ ಮಾಡಿಲ್ಲ, ಮಾಡೋದೂ ಇಲ್ಲ. ಆದ್ರೆ ಆ ಸಂದಿಯಲ್ಲಿ ನಿಂತಾಗ ನನ್ನ ಸಿಟ್ಟಿಗೆ ಕಾಲೂರೋಕೆ ಜಾಗ ಇಲ್ಲದ ಹಾಗಾಯ್ತು. ಒಂದು ತಿಂಗಳು ತಪ್ಪು ಮನುಷ್ಯನ ಮೇಲೆ ಹಲ್ಲು ಕಡಿದಿದ್ದೆ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದು ಕೂತಿದ್ದ ಮನುಷ್ಯ ನನಗೆ ಸುಳ್ಳು ಹೇಳಿದ್ದ.

ಶನಿವಾರದವರೆಗೆ ಕಾದೆ. ಫೋನಲ್ಲಿ ಕೇಳೋ ಮಾತಲ್ಲ ಅದು. ಇವರು ಬಂದು, ಸ್ನಾನ ಮಾಡಿ, ಕಾಫಿ ಕುಡಿದು ಮುಗಿಸೋವರೆಗೂ ಸುಮ್ಮನಿದ್ದೆ. ಆಮೇಲೆ ಕೇಳಿದೆ. 'ಒಡೆದು ಓದಿ ಅಂದಿದ್ದು ನೀವಾ?'

ಲೋಟ ಕೆಳಗಿಟ್ಟರು. ಇಲ್ಲ ಅನ್ನಲಿಲ್ಲ, ಅಷ್ಟು ಮರ್ಯಾದೆ ಉಳಿಸಿಕೊಂಡ್ರು.

'ನಂದೂ ಮಗು ಅಲ್ವಾ ಅದು? ಹದಿಮೂರು ವರ್ಷ ಕಾದಿದ್ದು ನೀನೊಬ್ಬಳೇನಾ? ಅವತ್ತು ಡ್ಯೂಟಿಯಲ್ಲಿ ಗಡಿಯಾರ ನೋಡೋದೇ ಕೆಲಸ ಆಗಿತ್ತು. ಅರ್ಧ ಗಂಟೆ ತಡೆಯೋಕೆ ಆಗಲಿಲ್ಲ ಕಣೇ.'

'ನನ್ನ ಬಾಯಿಂದ ಕೇಳಬೇಕು ಅನ್ನಿಸಲಿಲ್ವಾ ನಿಮಗೆ?'

'ಎಲ್ಲಿಂದ ಕೇಳಿದ್ರೂ ಸುದ್ದಿ ಅದೇ ಅಲ್ವಾ?'

'ಮತ್ತೆ ಸುಳ್ಳು ಯಾಕೆ ಹೇಳಿದ್ರಿ?'

'ನಿನ್ನ ಸಿಟ್ಟಿಗೆ ಹೆದರಿ' ಅಂದ್ರು.

ನೋಡಿ, ಅದಕ್ಕೂ ನನ್ನ ಸಿಟ್ಟೇ ಕಾರಣ! ನಾನು ಬಾಯಿ ತೆಗೆಯೋ ಮೊದಲೇ ಅಡುಗೆಮನೆಯಿಂದ ಅತ್ತೆ ಹೊರಗೆ ಬಂದ್ರು, ಕೈಯಲ್ಲಿ ಸೌಟು ಹಾಗೇ ಇತ್ತು. ಮಗನ ಮುಂದೆ ನಿಂತು, 'ನಿನ್ನ ಹೊಟ್ಟೇಲಿ ಇತ್ತೇನೋ ಅದು?' ಅಂತ ಕೇಳಿದ್ರು. ಅಷ್ಟೇ ಕೇಳಿ ಒಳಗೆ ಹೋದ್ರು. ಇವರು ಅಂಗಳದ ಕಡೆ ಮುಖ ಮಾಡಿ ಕೂತ್ರು. ಬೆನ್ನು ಅಲ್ಲಾಡೋದು ಕಾಣ್ತಿತ್ತು, ಅಳ್ತಿದ್ರು ಅಂತ ಕಾಣುತ್ತೆ. ನಾನು ಹತ್ತಿರ ಹೋಗಲಿಲ್ಲ. ಹೋಗಬೇಕಿತ್ತೇನೋ. ಹೋಗಲಿಲ್ಲ.

ಅವರ ದುಃಖ ಸುಳ್ಳಲ್ಲ. ಅದೇ ನನಗೆ ಇನ್ನೂ ಉರಿ. ಕೆಟ್ಟವರಾಗಿದ್ರೆ ಬೈದು ಬಿಡಬಹುದಿತ್ತು. ಪ್ರೀತಿಯಿಂದ ಒಡೆದ್ರೂ ಕವರು ಒಡೆದೇ ಹೋಗುತ್ತೆ ಅಂತ ಈ ಮನುಷ್ಯನಿಗೆ ಯಾವ ಭಾಷೆಯಲ್ಲಿ ಹೇಳೋದು? ಒಂಬತ್ತು ನ್ಯಾಯಾಧೀಶರು ಬರೆದಿದ್ದನ್ನು ನಾನು ಅವರಿಗೆ ಓದಿ ಹೇಳಲಾ? ಪೊಲೀಸರನ್ನು ಬಾಗಿಲ ಹೊರಗೆ ನಿಲ್ಲಿಸೋಕೆ ಆ ತೀರ್ಪು ಸಾಕು. ಒಂದೇ ಬಾಗಿಲ ಒಳಗೆ ಒಂದೇ ತಟ್ಟೆಗೆ ಕೈ ಹಾಕಿ ಉಂಡವರನ್ನು ಎಲ್ಲಿ ನಿಲ್ಲಿಸೋದು ಅಂತ ಅದರಲ್ಲಿ ಹುಡುಕಿದ್ರೆ ನನಗೆ ಸಿಗಲಿಲ್ಲ. ಸೋಮವಾರ ಕ್ಲಾಸಿಗೆ ಹೋಗಿ ಆ ಹುಡುಗಿಯನ್ನು ಎಬ್ಬಿಸಿ, 'ಅವತ್ತು ನೀನು ಕೇಳಿದ್ದು ಸಿಲಬಸ್ಸಿಗಿಂತ ದೊಡ್ಡ ಪ್ರಶ್ನೆ. ನನಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಗದರಿಸಿದೆ' ಅಂದೆ. ಅವಳು ತಲೆ ತಗ್ಗಿಸಿ, 'ನಂಗೂ ಗೊತ್ತಿಲ್ಲ ಮೇಡಂ' ಅಂದಳು. ಇಬ್ಬರೂ ಅಲ್ಲಿಗೇ ಬಿಟ್ವಿ.

ಕೆಲವು ತಿಂಗಳು ಕಳೆದವು. ಇವರೂ ನಾನೂ ಮಾತಾಡಿಕೊಂಡು, ಜಗಳ ಆಡಿಕೊಂಡು, ಮತ್ತೆ ಸಾಗರಕ್ಕೆ ಹೋದ್ವಿ. ಮತ್ತೆ ಇಂಜೆಕ್ಷನ್ನು, ಮತ್ತೆ ಕಾಯೋದು. ಇನ್ನೊಂದು ಸಲ ಅಂತ ಕೇಳಿದ್ದು ನಾನೇ. ಇವರು ಕೇಳೋಕೆ ಹೆದರಿದ್ರು.

ಎರಡನೇ ಸಲದ ರಕ್ತ ಕೊಟ್ಟ ಮರುದಿನ ಕಾಲೇಜಿಗೆ ರಜೆ ಹಾಕಿ ಬೆಳಿಗ್ಗೆಯೇ ಸಾಗರಕ್ಕೆ ಹೋಗಿ ಲ್ಯಾಬಿನಲ್ಲೇ ಕೂತೆ. ಮೂರು ಗಂಟೆಗೆ ರಿಪೋರ್ಟು ಕೈಗೆ ಬಂತು. ಅಲ್ಲೇ ಬಿಡಿಸಲಿಲ್ಲ. ಬಸ್‌ಸ್ಟ್ಯಾಂಡಲ್ಲಿ ಪರಿಚಯದವರು ಇರ್ತಾರೆ. ಆಟೋ ಹಿಡಿದು ಕೆಳದಿಗೆ ಹೋದೆ. ದೇವಸ್ಥಾನದಲ್ಲಿ ಆ ಹೊತ್ತಲ್ಲಿ ಯಾರೂ ಇರಲಿಲ್ಲ. ಕಲ್ಲಿನ ಕಟ್ಟೆ ಮೇಲೆ ಕಂಬಕ್ಕೆ ಒರಗಿ ಕೂತು ಬಿಡಿಸಿದೆ. ಓದಿದೆ. ಸಂಖ್ಯೆಯನ್ನು ಎರಡು ಸಲ ಓದಿದೆ. ಈ ಲೋಕದಲ್ಲಿ ಅದು ಗೊತ್ತಿರೋದು ಲ್ಯಾಬಿನವರನ್ನು ಬಿಟ್ರೆ ನನಗೆ ಒಬ್ಬಳಿಗೇ ಅನ್ನೋದು ತಲೆಗೆ ಇಳಿಯೋಕೆ ಸ್ವಲ್ಪ ಹೊತ್ತು ಬೇಕಾಯ್ತು.

ಫೋನು ಹೊಡ್ಕೊಂಡಿತು. ಇವರೇ.

'ಬಂತಾ?'

'ಬಂತು.'

'ಏನಿದೆ?'

'ಹೇಳ್ತೀನಿ. ನನಗೆ ಹೇಳಬೇಕು ಅನ್ನಿಸಿದಾಗ ಹೇಳ್ತೀನಿ.'

ಕೂಗಾಡ್ತಾರೆ ಅಂದ್ಕೊಂಡೆ. ಫೋನ್ ಇಟ್ಟುಬಿಡ್ತಾರೆ ಅಂದ್ಕೊಂಡೆ. 'ಸರಿ' ಅಂದ್ರು. 'ನಾನು ಕಾಯ್ತೀನಿ.'

ಮದುವೆಯಾದಾಗಿನಿಂದ ಅವರು ನನಗೆ ಕೊಟ್ಟಿದ್ದರಲ್ಲಿ ಅಷ್ಟು ದೊಡ್ಡದು ಇನ್ನೊಂದಿಲ್ಲ. ನಾನು ಫೋನು ಬ್ಯಾಗಿಗೆ ಹಾಕಿ, ಕಾಗದ ಮಡಚಿ, ಹೊತ್ತು ಇಳಿಯೋವರೆಗೂ ಅಲ್ಲೇ ಕೂತೆ. ಅವರನ್ನು ಎಷ್ಟು ದಿನ ಕಾಯಿಸಿದೆ, ಕೊನೆಗೆ ಎಲ್ಲಿ ಕೂತು ಹೇಳಿದೆ, ಕೇಳಿ ಅವರು ಏನು ಮಾಡಿದ್ರು ಅನ್ನೋದೆಲ್ಲ ನಮ್ಮಿಬ್ಬರಿಗೇ ಗೊತ್ತು.

ಆ ಕಾಗದದಲ್ಲಿ ಏನಿತ್ತು ಅಂತ ನಿಮಗೆ ಕೇಳಬೇಕು ಅನ್ನಿಸ್ತಿರಬಹುದು. ಇಷ್ಟು ದೂರ ಓದ್ಕೊಂಡು ಬಂದಿದ್ದೀರಿ, ಪಾಪ, ಒಳ್ಳೆಯ ಮನಸ್ಸಿಂದಲೇ ಕೇಳ್ತೀರಿ. ಹೇಳಲ್ಲ.